ರೇಸ್‌ಟ್ರ್ಯಾಕ್ ರಸ್ತೆ: 27 ಮೈಲಿ ಕಲ್ಲು, ನಾಲ್ಕು ಟೈರ್, ಒಂದು ಸ್ಟೆಪ್ನಿ

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ಯೂಬಿಹೀಬಿ ಎಂಬ ಜ್ವಾಲಾಮುಖಿ ಕುಳಿಯ ಹತ್ತಿರ ಡಾಂಬರು ಮುಗಿಯುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹೊರಳುವ ಜಲ್ಲಿ ದಾರಿ ಸುಮಾರು 27 ಮೈಲಿ ಸಾಗಿ ರೇಸ್‌ಟ್ರ್ಯಾಕ್ ಪ್ಲಾಯಾ ಅನ್ನುವ ಒಣ ಕೆರೆಯಂಗಳ ತಲುಪುತ್ತದೆ. ಕಲ್ಲುಗಳು ತಾವಾಗಿಯೇ ಸರಿದು ಗೀರು ಬಿಟ್ಟು ಹೋದ ಜಾಗ ಅದೇ. ನಕಾಶೆಯಲ್ಲಿ ನೋಡಿದರೆ ಈ ದಾರಿ ತುಂಬ ಸಾಧುವಾಗಿ ಕಾಣುತ್ತದೆ. ಪಕ್ಕದಲ್ಲಿ ಪ್ರಪಾತವಿಲ್ಲ, ದಾಟಬೇಕಾದ ನದಿಯಿಲ್ಲ, ಮಂಡಿಯೂರಿ ಹತ್ತಬೇಕಾದ ಏರೂ ಇಲ್ಲ. ಆದರೂ ಇಲ್ಲಿಂದ ಅರ್ಧಕ್ಕೇ ಹಿಂದಿರುಗುವವರು ಬಹಳ. ಕಾರಣ ಹೆಚ್ಚಿನ ಸಲ ಒಂದೇ: ಟೈರ್. ಇಲ್ಲಿನ ಕಲ್ಲು ಸವೆದು ಗುಂಡಗಾದ ಹೊಳೆಗಲ್ಲಲ್ಲ, ಒಡೆದು ಅಂಚು ಹರಿತವಾಗಿಯೇ ಉಳಿದದ್ದು. ನೀರೇ ಅಪರೂಪವಾದ ಊರಲ್ಲಿ ಅದನ್ನು ಉಜ್ಜಿ ನಯ ಮಾಡುವವರಿಲ್ಲ.

ಬೇ ಏರಿಯಾದ ಕನ್ನಡಿಗರು ಥ್ಯಾಂಕ್ಸ್‌ಗಿವಿಂಗ್‌ಗೋ ಕ್ರಿಸ್‌ಮಸ್‌ಗೋ ರಜೆ ಹಾಕಿ ಡೆತ್ ವ್ಯಾಲಿಗೆ ಹೊರಡುವುದು ಈಗ ಮಾಮೂಲು. ಅವರಲ್ಲಿ ಮಲೆನಾಡಿನ ಜೀಪು ದಾರಿಗಳಲ್ಲಿ ಕೈ ಪಳಗಿದವರೂ ಇರುತ್ತಾರೆ. ಆ ಪಳಗಿದ ಕೈಯಲ್ಲಿ ಒಂದು ಅಭ್ಯಾಸವನ್ನು ಮಾತ್ರ ಊರಲ್ಲೇ ಬಿಟ್ಟು ಬರಬೇಕು. ಸಕಲೇಶಪುರದ ಕಡೆಯ ಕೆಸರಿನಲ್ಲಿ ಗಾಡಿ ಓಟ ಕಳೆದುಕೊಂಡರೆ ಹೂತುಹೋಗುತ್ತದೆ, ಹಾಗಾಗಿ ಆಕ್ಸಿಲರೇಟರ್ ಒತ್ತಿಯೇ ಇಟ್ಟು ನುಗ್ಗಿಸುತ್ತೇವೆ. ಇಲ್ಲಿ ನುಗ್ಗಿಸಿದರೆ ಟೈರಿನ ಪಕ್ಕೆ ಸೀಳುತ್ತದೆ.

ಮೊದಲು ಗಾಡಿಯ ಮಾತು. ನೆಲದಿಂದ ಎತ್ತರವಿರುವ ಗಾಡಿ ಬೇಕು. ಫೋರ್ ವೀಲ್ ಡ್ರೈವ್ ಇದ್ದರೆ ಒಳ್ಳೆಯದು, ಮಳೆ ಬಿದ್ದು ದಾರಿ ಕೊಚ್ಚಿಹೋದ ಮೇಲೆ ಅದಿಲ್ಲದೆ ಆಗುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಸಿಗುವ ಸಾಮಾನ್ಯ ಎಸ್‌ಯುವಿಯಲ್ಲಿ ಹೋಗುವ ಆಲೋಚನೆ ಇದ್ದರೆ ಎರಡು ವಿಷಯ ನೋಡಿ. ಡಾಂಬರು ಬಿಟ್ಟು ಇಳಿಸಬಾರದು ಎಂದು ಬಾಡಿಗೆ ಕರಾರಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಹಾಗಿದ್ದರೆ ಮಣ್ಣಿನ ದಾರಿಯಲ್ಲಿ ಆದ ನಷ್ಟಕ್ಕೆ ವಿಮೆ ಬರುವುದಿಲ್ಲ. ಎರಡನೆಯದು, ಹಿಂದಿನ ಡಿಕ್ಕಿ ತೆಗೆದು ಸ್ಟೆಪ್ನಿ ಹುಡುಕಿ. ಅಲ್ಲಿರುವುದು ಸಣಕಲು ತಾತ್ಕಾಲಿಕ ಚಕ್ರವಾದರೆ ಈ ರಸ್ತೆಯ ಮಟ್ಟಿಗೆ ಸ್ಟೆಪ್ನಿ ಇಲ್ಲ ಎಂದೇ ಲೆಕ್ಕ ಹಾಕಿ. ಅದು ಡಾಂಬರಿನಲ್ಲಿ ಹತ್ತಿರದ ಗ್ಯಾರೇಜಿಗೆ ಕುಂಟಿಕೊಂಡು ಹೋಗಲು ಮಾಡಿದ್ದು, ಕಲ್ಲಿನ ಮೇಲೆ ಅದೇ ಮೊದಲು ಹೋಗುತ್ತದೆ. ಜೊತೆಗೆ ಆಲ್ ವೀಲ್ ಡ್ರೈವ್ ಗಾಡಿಗೆ ಒಂದು ಕಡೆ ಮಾತ್ರ ಚಿಕ್ಕ ಸುತ್ತಳತೆಯ ಚಕ್ರ ಹಾಕಿ ಓಡಿಸಿದರೆ ಎರಡೂ ಕಡೆಯ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಿ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಸುಮ್ಮನೆ ಬಿಸಿಯಾಗುತ್ತದೆ.

ಕಾರಿನ ಟೈರಿಗೂ ಲೈಟ್ ಟ್ರಕ್ ಟೈರಿಗೂ ಇರುವ ವ್ಯತ್ಯಾಸ ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಟೈರಿನ ಪಕ್ಕೆಯ ಮೇಲೆ ಅಳತೆಯ ಮುಂದೆ ಎಲ್‌ಟಿ ಎಂದಿದ್ದರೆ ಅದರ ಪದರಗಳು ದಪ್ಪ, ಪಕ್ಕೆಯೂ ಗಟ್ಟಿ. ಪಿ ಎಂದಿದ್ದರೆ ಅದು ಮೆತ್ತನೆಯ ಸವಾರಿಗೆ ಮಾಡಿದ ಟೈರ್, ಪಕ್ಕೆ ತೆಳು. ಇದು ಯಾಕೆ ಮುಖ್ಯ ಅಂದರೆ, ನೆಲ ಮುಟ್ಟುವ ಭಾಗಕ್ಕೆ ತೂತಾದರೆ ದಾರಿಯಲ್ಲೇ ಮುಚ್ಚಬಹುದು. ಪಕ್ಕೆ ಸೀಳಿದರೆ ಮುಚ್ಚುವ ಉಪಾಯವಿಲ್ಲ, ಆ ಟೈರ್ ಮುಗಿಯಿತು. ಪಿ ಟೈರಿನಲ್ಲಿ ಹೋಗಲೇಬೇಕಾದರೆ ಪೂರ್ತಿ ಅಳತೆಯ ಎರಡು ಸ್ಟೆಪ್ನಿ ಇಟ್ಟುಕೊಂಡು ಹೋಗಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಟೈರಿನ ವಯಸ್ಸನ್ನೂ ನೋಡಿ. ಪಕ್ಕೆಯಲ್ಲಿ ಡಾಟ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. 3518 ಎಂದಿದ್ದರೆ 2018ರ 35ನೇ ವಾರ. ಹಿಂದೆ ನೇತಾಡುವ ಸ್ಟೆಪ್ನಿಯದ್ದೂ ಓದಿ. ವರ್ಷಗಟ್ಟಲೆ ಬಿಸಿಲು ಕುಡಿದು ಬಿರುಕು ಬಿಟ್ಟಿರುತ್ತದೆ, ಗಾಳಿಯಂತೂ ಯಾರೂ ನೋಡಿರುವುದಿಲ್ಲ.

ಈಗ ಗಾಳಿ ಇಳಿಸುವ ವಿಷಯ. ಹೊಸಬರಿಗೆ ಇದೇ ಅರ್ಥವಾಗದ ಮಾತು: ಪಂಕ್ಚರ್ ಆಗಬಾರದು ಅನ್ನುವುದಾದರೆ ಇರುವ ಗಾಳಿಯನ್ನು ತೆಗೆಯುವುದು ಯಾಕೆ? ತುಂಬು ಗಾಳಿಯ ಟೈರ್ ಕಲ್ಲಿನ ಮೊನೆ ಸಿಕ್ಕಾಗ ಬಗ್ಗುವುದಿಲ್ಲ, ಅದರ ಮೇಲಿನ ಭಾರವೆಲ್ಲ ಆ ಒಂದು ಚುಕ್ಕೆಯ ಮೇಲೆ ಬೀಳುತ್ತದೆ. ಗಾಳಿ ಸ್ವಲ್ಪ ಕಡಿಮೆಯಾದ ಟೈರ್ ಕಲ್ಲನ್ನು ತಬ್ಬಿಕೊಂಡು ಭಾರವನ್ನು ಹಂಚುತ್ತದೆ. ಕುಲುಕಾಟವೂ ತಗ್ಗುತ್ತದೆ. ಆದರೆ ಇದಕ್ಕೊಂದು ಎಲ್ಲೆ ಇದೆ. ತೀರ ಇಳಿಸಿದರೆ ಪಕ್ಕೆ ಹೊರಗೆ ಉಬ್ಬಿ ಕಲ್ಲಿನ ಬಾಯಿಗೆ ತಾನೇ ಸಿಗುತ್ತದೆ, ಜೊತೆಗೆ ವೇಗ ಏರಿದಂತೆ ಮಡಚಿ ಮಡಚಿ ಬಿಸಿಯಾಗುತ್ತದೆ. ಮೆತ್ತನೆಯ ಮರಳಿನಲ್ಲಿ 15-18 ಪಿಎಸ್‌ಐಗೆ (ಟೈರ್ ಗಾಳಿಯ ಒತ್ತಡದ ಅಳತೆ) ಇಳಿಸುವವರ ಲೆಕ್ಕವನ್ನು ಇಲ್ಲಿಗೆ ತರಬೇಡಿ. ರೇಸ್‌ಟ್ರ್ಯಾಕ್ ರಸ್ತೆಗೆ ಕಾಲು ಭಾಗ, ಹೆಚ್ಚೆಂದರೆ ಮೂರರಲ್ಲೊಂದು ಭಾಗ ಇಳಿಸಿದರೆ ಸಾಕು. ತಣ್ಣಗಿದ್ದಾಗ 36 ಇರುವ ಟೈರ್ ತಣ್ಣಗಿನ ಲೆಕ್ಕದಲ್ಲಿ 26ರ ಆಸುಪಾಸಿಗೆ ಬರಬೇಕು.

ತಣ್ಣಗಿನ ಲೆಕ್ಕ ಎಂದದ್ದು ಸುಮ್ಮನೆ ಅಲ್ಲ. ಉದ್ಯಾನದ ಒಳಗಿನ ತಂಗುದಾಣವಾದ ಫರ್ನೇಸ್ ಕ್ರೀಕ್‌ನಿಂದ ಯೂಬಿಹೀಬಿಗೆ 55 ಮೈಲಿಗೂ ಮೇಲೆ ಡಾಂಬರು. ಅಷ್ಟು ಓಡಿ ಬಂದ ಟೈರ್ ಬಿಸಿಯಾಗಿ ಬೆಳಿಗ್ಗೆಯ 36 ಈಗ 39 ಅಥವಾ 40 ತೋರಿಸುತ್ತದೆ. ಆ ಬಿಸಿ ಟೈರನ್ನು ಗೇಜ್ ನೋಡಿ 26ಕ್ಕೆ ತಂದರೆ, ತಣಿದ ಮೇಲೆ ಅದು 23ಕ್ಕೆ ಜಾರಿರುತ್ತದೆ. ಹಾಗಾಗಿ ಬಿಸಿ ಟೈರನ್ನು 29ಕ್ಕೆ ನಿಲ್ಲಿಸಿ. ಇನ್ನೊಂದು, ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಗಾಳಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ. 1,000 ಅಡಿ ಮೇಲೇರಿದರೆ ಹೊರಗಿನ ಒತ್ತಡ ತಗ್ಗಿ ಗೇಜ್ ಸುಮಾರು ಅರ್ಧ ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಫರ್ನೇಸ್ ಕ್ರೀಕ್ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಈ ದಾರಿಯ ನೆತ್ತಿ ಸುಮಾರು 5,000 ಅಡಿ. ಏರುವಾಗ ಚಳಿಯೂ ಹೆಚ್ಚುವುದರಿಂದ ಒಂದು ಇನ್ನೊಂದನ್ನು ಹೆಚ್ಚುಕಮ್ಮಿ ಸರಿದೂಗಿಸುತ್ತದೆ. ದಾರಿಯಲ್ಲಿ ಗೇಜ್ ಒಂದೆರಡು ಅಂಕಿ ಆಚೀಚೆ ತೋರಿಸಿದರೆ ಗಾಬರಿಯಾಗಬೇಡಿ. ಮೂರು ಟೈರಿಗಿಂತ ನಾಲ್ಕನೆಯದು ಬೇರೆ ತೋರಿಸಿದರೆ ಮಾತ್ರ ಇಳಿದು ಹುಡುಕಿ.

ಗಾಳಿ ಇಳಿಸಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಟೈರಿನ ಹಳದಿ ದೀಪ ಹತ್ತುತ್ತದೆ. ಇನ್ನು ಇಡೀ ದಿನ ಅದು ಹತ್ತಿಯೇ ಇರುತ್ತದೆ. ಅಂದರೆ ನಿಜವಾಗಿ ಪಂಕ್ಚರ್ ಆದಾಗ ಎಚ್ಚರಿಸುವ ದೀಪ ಇನ್ನಿಲ್ಲ. ಪ್ರತಿ ಟೈರಿನ ಅಂಕಿ ಬೇರೆಬೇರೆ ತೋರಿಸುವ ಗಾಡಿಯಾದರೆ ಆ ಪರದೆಯನ್ನೇ ತೆರೆದಿಟ್ಟುಕೊಳ್ಳಿ. ಬರೀ ದೀಪವಿದ್ದರೆ ಐದೈದು ಮೈಲಿಗೊಮ್ಮೆ ನಿಲ್ಲಿಸಿ ಸುತ್ತ ನಡೆದು ನೋಡುವುದೊಂದೇ ದಾರಿ. ಹಿಂದಿನ ಟೈರುಗಳನ್ನು ಹೆಚ್ಚು ಗಮನವಿಟ್ಟು ನೋಡಿ. ಮಲಗಿದ್ದ ಕಲ್ಲನ್ನು ಮುಂದಿನ ಚಕ್ರ ಎಬ್ಬಿಸಿ ಅಂಚಿನ ಮೇಲೆ ನಿಲ್ಲಿಸುತ್ತದೆ, ಹಿಂದಿನ ಚಕ್ರ ಹೋಗಿ ಅದರ ಮೇಲೆ ಕೂರುತ್ತದೆ.

ಹೊರಟ ಸ್ವಲ್ಪ ಹೊತ್ತಿಗೇ ಶುರುವಾಗುವ ಕಾಟ ವಾಷ್‌ಬೋರ್ಡ್. ರಸ್ತೆಗೆ ಅಡ್ಡಡ್ಡ, ತಗಡಿನ ಶೀಟಿನ ಹಾಗೆ, ಒಂದೇ ಅಳತೆಯ ಏರಿಳಿತ. ಇದನ್ನು ಯಾರೂ ಮಾಡಿದ್ದಲ್ಲ, ಚಕ್ರಗಳೇ ಮಾಡಿದ್ದು. ಒಣ ಜಲ್ಲಿಯ ಮೇಲೆ ಒಂದು ಮಿತಿ ಮೀರಿದ ವೇಗದಲ್ಲಿ ಉರುಳುವ ಚಕ್ರ ಯಾವುದೋ ಸಣ್ಣ ಉಬ್ಬಿಗೆ ಹಾರುತ್ತದೆ, ಬಿದ್ದಲ್ಲಿ ತಗ್ಗು ಮಾಡಿ ಮುಂದಕ್ಕೆ ಮಣ್ಣು ತಳ್ಳುತ್ತದೆ, ಆ ಮಣ್ಣು ಮುಂದಿನ ಉಬ್ಬಾಗುತ್ತದೆ. ಶಾಕ್ ಅಬ್ಸಾರ್ಬರ್ ಇಲ್ಲದ ಬರೀ ಚಕ್ರವನ್ನು ಮರಳಿನ ಮೇಲೆ ಉರುಳಿಸಿದರೂ ಹೀಗೇ ಆಗುತ್ತದೆ ಎಂದು ಪ್ರಯೋಗಾಲಯದಲ್ಲಿ ಮಾಡಿ ನೋಡಿದ್ದಾರೆ. ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರ ಬಂದು ತಟ್ಟಿ ಹೋದರೂ ವಾಹನಗಳು ಓಡಿದಂತೆ ಮತ್ತೆ ಏಳುತ್ತದೆ.

ಇದರ ಮೇಲೆ 45 ಮೈಲಿ ವೇಗದಲ್ಲಿ ಹೋದರೆ ಗಾಡಿ ಉಬ್ಬಿನಿಂದ ಉಬ್ಬಿಗೆ ತೇಲಿ ಹೋಗುತ್ತದೆ, ಕುಲುಕಾಟವೇ ಇರುವುದಿಲ್ಲ ಎಂದು ಹೇಳುವವರು ಸಿಗುತ್ತಾರೆ. ತೇಲುವುದು ನಿಜ. ತೇಲುವುದೆಂದರೆ ಚಕ್ರ ನೆಲದ ಮೇಲೆ ಅರ್ಧ ಹೊತ್ತು ಇಲ್ಲ ಎಂದರ್ಥ, ಆಗ ಸ್ಟಿಯರಿಂಗ್‌ಗೂ ಬ್ರೇಕಿಗೂ ಹಿಡಿತವಿಲ್ಲ. ತಿರುವಿನಲ್ಲಿ ಹಿಂಭಾಗ ಜಾರಿ ಗಾಡಿ ಮಗುಚುವುದು ಹೀಗೇ. ಆ ವೇಗದಲ್ಲಿ ಮುಷ್ಟಿಗಾತ್ರದ ಕಲ್ಲು ಕಾಣುವ ಹೊತ್ತಿಗೆ ಅದರ ಮೇಲೆ ಹತ್ತಿಯೂ ಆಗಿರುತ್ತದೆ. 15ರಿಂದ 20 ಮೈಲಿ ವೇಗವೇ ಇಲ್ಲಿಗೆ ಸರಿ, ದೂರಕ್ಕೆ ಕಾಣುವ ನೇರ ದಾರಿಯಲ್ಲಿ 25. ನಿಮ್ಮ ಗಾಡಿಗೆ ಹೊಂದುವ ವೇಗ ಎರಡು-ಮೂರು ಮೈಲಿ ಹೆಚ್ಚುಕಮ್ಮಿ ಮಾಡಿ ನೋಡಿದರೆ ಸಿಗುತ್ತದೆ. ಸ್ಟಿಯರಿಂಗ್ ಬಿಗಿಯಾಗಿ ಹಿಡಿಯಬೇಡಿ, ಹೆಬ್ಬೆರಳನ್ನು ಒಳಗೆ ಸುತ್ತಬೇಡಿ.

ರಸ್ತೆಯ ಅಂಚು ನಯವಾಗಿ ಕಾಣುತ್ತದೆ, ಎಲ್ಲರಿಗೂ ಅಲ್ಲಿಗೆ ಇಳಿಯುವ ಆಸೆ. ಆದರೆ ಗ್ರೇಡರ್ ಬಾಚಿ ಬದಿಗೆ ತಳ್ಳಿದ ಚೂಪುಗಲ್ಲುಗಳು ರಾಶಿ ಬೀಳುವುದು ಅಲ್ಲೇ. ಎದುರಿಗೆ ಗಾಡಿ ಬಂದಾಗ ಮಾತ್ರ ಅಂಚಿಗೆ ಹೋಗಿ, ಅದೂ ನಡೆಯುವ ವೇಗದಲ್ಲಿ. ಅಂಚನ್ನೂ ದಾಟಿ ಆಚೆ ಹೋಗುವುದಂತೂ ಈ ರಾಷ್ಟ್ರೀಯ ಉದ್ಯಾನದಲ್ಲಿ ಅಪರಾಧ, ಗಾಡಿ ರಸ್ತೆಯ ಮೇಲೆಯೇ ಇರಬೇಕು. ಎರಡು ಗಾಡಿಯಲ್ಲಿ ಹೋಗುವುದಾದರೆ ಮುಂದಿನವರ ದೂಳು ಅಡಗುವಷ್ಟು ಅಂತರ ಬಿಡಿ. ದೂಳಿನಲ್ಲಿ ಹಿಂಬಾಲಿಸಿದವರಿಗೆ ಕಲ್ಲು ಕಾಣುವುದೇ ಇಲ್ಲ.

ಪಂಕ್ಚರ್ ಆಯಿತು ಅನ್ನಿ. ಸ್ಟಿಯರಿಂಗ್ ಒಂದು ಕಡೆಗೆ ಎಳೆಯುತ್ತದೆ ಅಥವಾ ಹಿಂಭಾಗ ತೂಗಾಡುತ್ತದೆ. ತಕ್ಷಣ ನಿಲ್ಲಿಸಿ, ಸಮತಟ್ಟಾದ ಜಾಗ ಸಿಗಲಿ ಎಂದು ಅರ್ಧ ಮೈಲಿ ಓಡಿಸಬೇಡಿ. ಗಾಳಿಯಿಲ್ಲದ ಟೈರ್ ರಿಮ್ಮಿನ ಕೆಳಗೆ ಸಿಕ್ಕಿ ಪಕ್ಕೆ ಅರೆದುಹೋಗುತ್ತದೆ, ಮುಚ್ಚಬಹುದಾಗಿದ್ದ ತೂತಿಗೆ ಇಡೀ ಟೈರ್ ತೆರಬೇಕಾಗುತ್ತದೆ. ನೆಲ ಮುಟ್ಟುವ ಭಾಗದಲ್ಲಿ ತೂತಿದ್ದರೆ ಚಕ್ರ ಬಿಚ್ಚದೆಯೇ ಟ್ಯೂಬ್‌ಲೆಸ್ ಕಿಟ್ ಸಾಕು. ಗಾಡಿಯನ್ನು ಸ್ವಲ್ಪ ಉರುಳಿಸಿ ತೂತು ಕೈಗೆ ಸಿಗುವ ಹಾಗೆ ಮಾಡಿ. ಸೋಪು ನೀರು ಹಾಕಿ ಗುಳ್ಳೆ ಏಳುವ ಜಾಗಕ್ಕೆ ಚಾಕ್ ಗುರುತು ಹಾಕಿ. ಚುಚ್ಚಿಕೊಂಡ ವಸ್ತು ಯಾವ ಓರೆಯಲ್ಲಿ ಹೊಕ್ಕಿದೆ ನೋಡಿಕೊಂಡೇ ಕೀಳಿ, ಕಿಟ್‌ನಲ್ಲಿರುವ ಒರಟು ಅರವನ್ನೂ ಅದೇ ಓರೆಯಲ್ಲಿ ತೂರಿ ಹತ್ತು-ಹದಿನೈದು ಸಲ ಹಿಂದೆ ಮುಂದೆ ಆಡಿಸಿ. ಇಲ್ಲಿ ಅವಸರ ಮಾಡಿದರೆ ತೂತಿನ ಒಳಗೋಡೆ ಒರಟಾಗದೆ ರಬ್ಬರ್ ಬತ್ತಿ ಕಚ್ಚಿಕೊಳ್ಳುವುದಿಲ್ಲ. ಬತ್ತಿಯನ್ನು ಸೂಜಿಯ ಕಣ್ಣಿಗೆ ಪೋಣಿಸಿ, ಅಂಟು ಸವರಿ, ಎರಡು ತುದಿಯೂ ಒಂದೂವರೆ ಸೆಂಟಿಮೀಟರಿನಷ್ಟು ಹೊರಗೆ ಉಳಿಯುವವರೆಗೆ ಒತ್ತಿ, ಆಮೇಲೆ ಸೂಜಿಯನ್ನು ತಿರುಚದೆ ಒಂದೇ ಎಳೆತಕ್ಕೆ ಹೊರಗೆ ತೆಗೆಯಿರಿ. ದೊಡ್ಡ ತೂತಿಗೆ ಎರಡು, ಮೂರು ಬತ್ತಿ ಬೇಕಾಗುತ್ತದೆ. ಗಾಳಿ ತುಂಬಿ ಮತ್ತೆ ಸೋಪು ನೀರು ಹಾಕಿ ನೋಡಿ. ಊರಿಗೆ ಬಂದ ಮೇಲೆ ಟೈರ್ ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಲೇಬೇಕು.

ಪಕ್ಕೆ ಸೀಳಿದ್ದರೆ ಸ್ಟೆಪ್ನಿ ಹಾಕಬೇಕು. ಇಲ್ಲಿ ಜನ ಸೋಲುವುದು ಸಣ್ಣ ಸಾಮಾನಿನ ಹತ್ತಿರ. ಅಲಾಯ್ ಚಕ್ರಕ್ಕೆ ಕಳ್ಳರ ಭಯಕ್ಕೆ ಹಾಕಿಸಿದ ಲಾಕ್ ನಟ್‌ನ ಕೀಲಿ ಮನೆಯಲ್ಲಿ ಉಳಿದಿರುತ್ತದೆ. ಗಾಡಿಯ ಕೆಳಗೆ ತೂಗುಹಾಕಿದ ಸ್ಟೆಪ್ನಿ ಇಳಿಸುವ ಉದ್ದ ಸರಳು ಎಲ್ಲಿದೆ ಗೊತ್ತಿರುವುದಿಲ್ಲ. ಜಲ್ಲಿಯಲ್ಲಿ ಜಾಕಿ ಗಾಡಿಯನ್ನು ಎತ್ತುವ ಬದಲು ತಾನೇ ಇಳಿಯುತ್ತದೆ, ಅದಕ್ಕೆ ಒಂದಡಿ ಚೌಕದ, ಮುಕ್ಕಾಲು ಇಂಚು ದಪ್ಪದ ಪ್ಲೈವುಡ್ ತುಂಡು ಬೇಕು. ಹೊರಡುವ ಹಿಂದಿನ ವಾರ ಮನೆಯ ಮುಂದೆ ಒಮ್ಮೆ ಚಕ್ರ ಬಿಚ್ಚಿ ಹಾಕಿ ನೋಡಿ, ಏನಿಲ್ಲ ಎನ್ನುವುದು ಅಲ್ಲೇ ತಿಳಿಯುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಎದುರು ಮೂಲೆಯ ಚಕ್ರದ ಹಿಂದೆ ಮುಂದೆ ಕಲ್ಲು ಕೊಟ್ಟು, ಗಾಡಿ ಎತ್ತುವ ಮೊದಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಹಾಕುವಾಗ ಎದುರುಬದುರಾಗಿ ಬಿಗಿಯಿರಿ, ಕೊನೆಯ ಬಿಗಿತ ಚಕ್ರ ನೆಲ ಮುಟ್ಟಿದ ಮೇಲೆ. ವಾಷ್‌ಬೋರ್ಡ್ ಇರುವ ದಾರಿಯಲ್ಲಿ ಹತ್ತು ಮೈಲಿ ಕಳೆದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಇರುವ ಒಂದು ಸ್ಟೆಪ್ನಿ ಹೋಗುವಾಗಲೇ ಖರ್ಚಾದರೆ ಅಲ್ಲಿಂದಲೇ ತಿರುಗಿ. ಎರಡನೆಯ ಟೈರ್ ಹೋದರೆ ಗಾಡಿ ಎಳೆಸಲು ಸಾವಿರ ಡಾಲರಿಗೂ ಮೀರಿ ಆಗುತ್ತದೆ, ಅದಕ್ಕಿಂತ ಹೆಚ್ಚಾಗಿ ಕಾಯಬೇಕಾಗುತ್ತದೆ.

ಮೊಬೈಲ್ ಸಿಗ್ನಲ್ ಇಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಅಥವಾ ಆ ಸೌಲಭ್ಯವಿರುವ ಫೋನ್ ಬೇಕೇ ಬೇಕು. ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್. ಒಂದು ದಿನದ ಪ್ರಯಾಣಕ್ಕೆ ಎರಡು ದಿನದ್ದು ಇಡಿ. ಊಟಕ್ಕೆ ಪುಳಿಯೋಗರೆ, ಚಪಾತಿ, ಯಾವುದು ಕೆಡುವುದಿಲ್ಲವೋ ಅದು. ಪೆಟ್ರೋಲ್ ಫರ್ನೇಸ್ ಕ್ರೀಕ್‌ನಲ್ಲೋ ಸ್ಟವ್‌ಪೈಪ್ ವೆಲ್ಸ್‌ನಲ್ಲೋ ಪೂರ್ತಿ ತುಂಬಿಸಿ, ಮುಂದೆ ಬಂಕ್ ಇಲ್ಲ. ಗಾಡಿ ಕೆಟ್ಟು ನಿಂತರೆ ಅದನ್ನು ಬಿಟ್ಟು ನಡೆದು ಹೋಗಬೇಡಿ. 1996ರ ಜುಲೈನಲ್ಲಿ ನಾಲ್ವರು ಜರ್ಮನ್ ಪ್ರವಾಸಿಗರು ಇದೇ ಉದ್ಯಾನದ ದಕ್ಷಿಣ ಭಾಗದಲ್ಲಿ ಕಾಣೆಯಾದರು. ಅವರ ಬಾಡಿಗೆ ವ್ಯಾನ್ ಅಕ್ಟೋಬರಿನಲ್ಲಿ ಆನ್‌ವಿಲ್ ಕಣಿವೆಯಲ್ಲಿ ಟೈರ್ ಕುಸಿದ ಸ್ಥಿತಿಯಲ್ಲಿ ಸಿಕ್ಕಿತು. ಅಸ್ಥಿಗಳು ಸಿಕ್ಕಿದ್ದು 2009ರಲ್ಲಿ, ವ್ಯಾನಿನಿಂದ ಮೈಲಿಗಟ್ಟಲೆ ದೂರದಲ್ಲಿ. ಹೆಲಿಕಾಪ್ಟರಿನಿಂದ ನೋಡುವವರ ಕಣ್ಣಿಗೆ ಗಾಡಿ ಬೀಳುತ್ತದೆ, ನಡೆಯುವ ಮನುಷ್ಯ ಬೀಳುವುದಿಲ್ಲ. ನವೆಂಬರಿನಿಂದ ಮಾರ್ಚ್ ಈ ದಾರಿಯ ಕಾಲ. ಬೇಸಿಗೆಯಲ್ಲಿ ಹೋಗಲೇಬೇಡಿ. ಚಳಿಗಾಲದಲ್ಲೂ ನೆತ್ತಿಯ ಮೇಲೆ ಹಿಮ ಇರಬಹುದು, ಹೊರಡುವ ಬೆಳಿಗ್ಗೆ ಉದ್ಯಾನದವರು ಪ್ರಕಟಿಸುವ ರಸ್ತೆ ಸ್ಥಿತಿ ಓದಿ.

ಹೊತ್ತಿನ ಲೆಕ್ಕ ಹೀಗೆ: ಫರ್ನೇಸ್ ಕ್ರೀಕ್‌ನಿಂದ ಯೂಬಿಹೀಬಿಗೆ ಒಂದೂಕಾಲು ಗಂಟೆ, ಗಾಳಿ ಇಳಿಸಲು ಇಪ್ಪತ್ತು ನಿಮಿಷ, ಅಲ್ಲಿಂದ ಪ್ಲಾಯಾಕ್ಕೆ ಎರಡು ಗಂಟೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಹೆಡ್‌ಲೈಟಿನ ಬೆಳಕಿಗೆ ಕಲ್ಲಿನ ನೆರಳು ಯಾವುದು, ಕಲ್ಲು ಯಾವುದು ತಿಳಿಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಜಲ್ಲಿ ದಾರಿಯೆಲ್ಲ ಬೆಳಕಿನಲ್ಲೇ ಮುಗಿಯುತ್ತದೆ, ಒಂದು ಪಂಕ್ಚರಿಗೂ ಬಿಡುವಿರುತ್ತದೆ.

ದಾರಿ ನಿಧಾನವಾಗಿ ಏರುತ್ತದೆ. ಮೇಲೆ ಜೋಶುವಾ ಮರಗಳು ಸಿಗುತ್ತವೆ. ಸುಮಾರು 20 ಮೈಲಿಗೆ ಟೀಕೆಟಲ್ ಜಂಕ್ಷನ್, ದಾರಿಹೋಕರು ಹೆಸರು ಬರೆದು ಟೀ ಕೆಟಲ್‌ಗಳನ್ನು ತೂಗುಹಾಕಿರುವ ಒಂದು ಕಂಬ. ಇಲ್ಲಿ ಹತ್ತು ನಿಮಿಷ ನಿಲ್ಲಿಸಿ ಬಾನೆಟ್ ತೆಗೆದು ಬ್ಯಾಟರಿ ಟರ್ಮಿನಲ್ ಅಲ್ಲಾಡಿಸಿ, ಮೇಲಿನ ಕ್ಯಾರಿಯರ್ ಬೋಲ್ಟು ನೋಡಿ, ನಂಬರ್ ಪ್ಲೇಟ್ ಇದೆಯೇ ನೋಡಿ. ವಾಷ್‌ಬೋರ್ಡ್ ಬಿಚ್ಚುವುದು ಇವನ್ನೇ. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಒಸರಿದ್ದರೆ ಸೀಲ್ ಹೋಗಿದೆ, ಇನ್ನೂ ನಿಧಾನವಾಗಿ ಹೋಗಿ.

ಮತ್ತೆ ಆರು ಮೈಲಿಗೆ ಪ್ಲಾಯಾ. ಮೊದಲು ಕಾಣುವುದು ಗ್ರಾಂಡ್‌ಸ್ಟ್ಯಾಂಡ್ ಎಂಬ ಕಪ್ಪು ಬಂಡೆಗುಡ್ಡೆ. ಸರಿದ ಕಲ್ಲುಗಳಿರುವುದು ಇಲ್ಲಲ್ಲ, ಇನ್ನೆರಡು ಮೈಲಿ ದಕ್ಷಿಣಕ್ಕೆ ಹೋಗಿ ಗಾಡಿ ನಿಲ್ಲಿಸಿ ಆಗ್ನೇಯ ಮೂಲೆಯ ಕಡೆಗೆ ಅರ್ಧ ಮೈಲಿ ನಡೆಯಬೇಕು. ಗ್ರಾಂಡ್‌ಸ್ಟ್ಯಾಂಡ್ ಹತ್ತಿರವೇ ಹುಡುಕಿ ಏನೂ ಕಾಣಲಿಲ್ಲ ಎಂದು ಹಿಂದಿರುಗಿದವರಿದ್ದಾರೆ. ಈ ಅಂಗಳ ಎಷ್ಟು ಸಮತಟ್ಟು ಎಂದರೆ ಸುಮಾರು ಎರಡೂಮುಕ್ಕಾಲು ಮೈಲಿ ಉದ್ದಕ್ಕೆ ತುದಿಯಿಂದ ತುದಿಗೆ ಬರೀ ಕೆಲವು ಸೆಂಟಿಮೀಟರ್ ಏರುಪೇರು. ಕಲ್ಲು ಸರಿಯುವುದು ಹೇಗೆ ಎಂಬ ಪ್ರಶ್ನೆಗೆ 2013ರ ಡಿಸೆಂಬರಿನಲ್ಲಿ ಸಂಶೋಧಕರಾದ ರಿಚರ್ಡ್ ನಾರಿಸ್ ಮತ್ತು ಜೇಮ್ಸ್ ನಾರಿಸ್ ಕಣ್ಣಾರೆ ಉತ್ತರ ಕಂಡರು. ಮಳೆನೀರು ತೆಳ್ಳಗೆ ನಿಂತು ರಾತ್ರಿ ಹೆಪ್ಪುಗಟ್ಟುತ್ತದೆ. ಬಿಸಿಲು ಏರಿ ಕಿಟಕಿ ಗಾಜಿನಷ್ಟು ತೆಳುವಾದ ಮಂಜುಗಡ್ಡೆ ಒಡೆದಾಗ, ಹಗುರವಾದ ಗಾಳಿಗೂ ಆ ಹಾಳೆಗಳು ಚಲಿಸಿ ಕಲ್ಲುಗಳನ್ನು ಮೆತ್ತನೆಯ ಕೆಸರಿನ ಮೇಲೆ ನಿಮಿಷಕ್ಕೆ ಕೆಲವು ಮೀಟರ್ ತಳ್ಳುತ್ತವೆ. ಒದ್ದೆಯಾಗಿದ್ದಾಗ ಅಂಗಳಕ್ಕೆ ಕಾಲಿಡಬೇಡಿ. ಹೆಜ್ಜೆ ಗುರುತು ವರ್ಷಗಟ್ಟಲೆ ಉಳಿಯುತ್ತದೆ. 2016ರಲ್ಲಿ ಯಾರೋ ಇದರ ಮೇಲೆ ಗಾಡಿ ಓಡಿಸಿ ಮೈಲಿಗಟ್ಟಲೆ ಚಕ್ರದ ಗೀರು ಬಿಟ್ಟರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪ್ಲಾಯಾದ ದಕ್ಷಿಣಕ್ಕೆ ಲಿಪಿನ್‌ಕಾಟ್ ಗಣಿ ರಸ್ತೆ ಸಲೀನ್ ಕಣಿವೆಗೆ ಇಳಿಯುತ್ತದೆ. ಅಡ್ಡದಾರಿ ಎಂದುಕೊಂಡು ಒಂಟಿ ಗಾಡಿಯಲ್ಲಿ ಇಳಿಯಬೇಡಿ. ಒಂದೇ ಗಾಡಿ ಅಗಲದ ದಾರಿ, ಒಂದು ಬದಿ ಪ್ರಪಾತ, ಮಳೆ ಕೊರೆದ ಕೊರಕಲು. ಲೋ ರೇಂಜ್ (ತೀರ ನಿಧಾನಕ್ಕೆ ಇಳಿಸುವ ಹೆಚ್ಚುವರಿ ಗೇರ್) ಇಲ್ಲದ ಗಾಡಿ ಬ್ರೇಕ್ ಮೇಲೆಯೇ ಇಳಿದು ಪ್ಯಾಡ್ ಕಾಯಿಸಿಕೊಳ್ಳುತ್ತದೆ. ಹತ್ತಿ ಬರುವವರಿಗೆ ದಾರಿ ಬಿಡಬೇಕಾದ್ದು ಇಳಿಯುವವರು, ಅಂದರೆ ರಿವರ್ಸ್‌ನಲ್ಲಿ ಮೇಲಕ್ಕೆ ಹೋಗಲು ಬರಬೇಕು.

ಬಂದ ದಾರಿಯಲ್ಲೇ ಯೂಬಿಹೀಬಿಗೆ ಹಿಂದಿರುಗಿ ಗಾಳಿ ತುಂಬಿ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಚಿಕ್ಕ ಕಂಪ್ರೆಸರ್ ಟೈರಿಗೆ ಎಂಟು-ಹತ್ತು ನಿಮಿಷ ತೆಗೆದುಕೊಳ್ಳುತ್ತದೆ, ಎರಡು ಟೈರ್ ಆದ ಮೇಲೆ ತಣಿಯಲು ಬಿಡಬೇಕು. ಸಾಕೆಟ್ಟಿನ ಫ್ಯೂಸ್ ಸುಡುವುದೂ ಉಂಟು, ಬೇರೆ ಫ್ಯೂಸ್ ಇಟ್ಟಿರಿ. ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದ್ದಾದರೆ ಈ ತೊಂದರೆಗಳಿಲ್ಲ. ಎರಡರಲ್ಲೂ ಇಂಜಿನ್ ಚಾಲೂ ಇರಲಿ. ಟೈರ್ ಬಿಸಿಯಿರುವುದರಿಂದ ಈಗ 39ಕ್ಕೆ ತುಂಬಿ, ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಗೇಜ್ ಹಾಕಿ ಸರಿಮಾಡಿ. ಆಗಲೇ ಬಗ್ಗಿ ನಾಲ್ಕೂ ಟೈರಿನ ಒಳಪಕ್ಕೆಯನ್ನು ಕೈಯಿಂದ ಸವರಿ ನೋಡಿ. ಹೊರಗಿನಿಂದ ಕಾಣದ ಸೀಳು, ಉಬ್ಬು ಇರುವುದು ಅಲ್ಲೇ, ಹೆದ್ದಾರಿಯ 70 ಮೈಲಿ ವೇಗದಲ್ಲಿ ಅದು ಸಿಡಿಯುತ್ತದೆ. ಉಬ್ಬು ಸಿಕ್ಕಿದರೆ ಆ ಚಕ್ರ ಬಿಚ್ಚಿ ಸ್ಟೆಪ್ನಿ ಹಾಕಿಕೊಂಡೇ ಹೊರಡಿ.